ಲೋಕಾಭಿಪ್ರಾಯವೂ ನನ್ನ ವರ್ಗಾವಣೆ ಅರ್ಜಿಯೂ

ಲೋಕ ಏನನ್ನುತ್ತದೋ ಎಂದು ಹೆದರಿಕೊಂಡೇ ಬದುಕುವವರು ಬಹಳ ಮಂದಿ. ಲೋಕ ಏನನ್ನುತ್ತದೆಂಬುದನ್ನೇ ಬರೆದುಕೊಟ್ಟು ಸಂಬಳ ಎಣಿಸಿದವನು ನಾನು. ಅರವತ್ತರ ದಶಕದ ಕೊನೆಯಲ್ಲಿ ಎರ್ನಾಕುಲಂನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನನ್ನ ಕೆಲಸವೇ ಅದು. ಹಡಗಿನಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುವ ವಿದೇಶಿ ಪತ್ರಿಕೆಗಳನ್ನು ಕತ್ತರಿಸಿ, ಅಂಟಿಸಿ, ಒಂದು ಪುಟದ ಸಾರಾಂಶ ಮಾಡಿ ಮೇಲಧಿಕಾರಿ ಮೆನನ್ ಸಾಹೇಬರ ಮೇಜಿನ ಮೇಲಿಡಬೇಕು.

ಲಂಡನ್ನಿನ ಪತ್ರಿಕೆ "ಇಡೀ ಜಗತ್ತು ಆತಂಕಗೊಂಡಿದೆ" ಎನ್ನುತ್ತಿತ್ತು. ಅದೇ ವಾರ, ಅದೇ ಸಂಗತಿಯನ್ನು ಮಾಸ್ಕೋದ ಪತ್ರಿಕೆಯ ಪ್ರಕಾರ ಇಡೀ ಜಗತ್ತು ಸ್ವಾಗತಿಸಿರುತ್ತಿತ್ತು. ನ್ಯೂಯಾರ್ಕಿನ ಜಗತ್ತಿಗೆ ಕೋಪ ಬಂದಿದ್ದರೆ ಕೈರೋದ ಜಗತ್ತು ನೆಮ್ಮದಿಯಾಗಿರುತ್ತಿತ್ತು. ಈ ಜಗತ್ತುಗಳಲ್ಲಿ ಒಂದಾದರೂ ನಮ್ಮ ಎರ್ನಾಕುಲಂನ ಬೋಟ್ ಜೆಟ್ಟಿಯ ಕಡೆ ಬಂದು, ನಿನಗೇನನ್ನಿಸುತ್ತದಪ್ಪಾ ಎಂದು ಕೇಳಿದ್ದನ್ನು ನಾನು ಕಾಣೆ. "ಸಾರ್, ಯಾರ ಜಗತ್ತನ್ನು ಬರೆಯಲಿ?" ಎಂದರೆ ಮೆನನ್ ಸಾಹೇಬರು ತಲೆಯೆತ್ತದೆ, "ಒಂದೇ ಪುಟ, ಮಿಸ್ಟರ್ ರಾವ್" ಎನ್ನುವರು. ಆರು ವರ್ಷ ಹೀಗೆ ಕತ್ತರಿಯಾಡಿಸಿ ದಣಿದುಹೋದೆ. ಕುಚ್ಚಲಕ್ಕಿ ಸಾಕು, ಬೆವರು ಸಾಕು, ಜಗತ್ತೂ ಸಾಕು, ನಮ್ಮೂರು ಮೈಸೂರಿಗೆ ಹೋಗಿಬಿಡೋಣ ಎನಿಸಿತು.

ವರ್ಗಾವಣೆಯ ಅರ್ಜಿ ತಿರುವನಂತಪುರದ ಮುಖ್ಯ ಕಚೇರಿಗೆ ಹೋಗಬೇಕು. ಅಭ್ಯಾಸಬಲ ನೋಡಿ, "ನನ್ನ ಇಡೀ ಕುಟುಂಬದ ಸರ್ವಾನುಮತದ ಅಭಿಪ್ರಾಯದಂತೆ" ಎಂದೇ ಶುರುಮಾಡಿದೆ. ಅರ್ಜಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಎರಡೇ ತಿಂಗಳಲ್ಲಿ ಆದೇಶ ಕೈಸೇರಿತು.

ಮನೆಗೆ ಬಂದು ಅರ್ಜಿಯ ಪ್ರತಿ, ಆದೇಶ ಎರಡನ್ನೂ ಗಟ್ಟಿಯಾಗಿ ಓದಿದೆ. ಹೆಂಡತಿ ಲಲಿತ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ, "ಸರ್ವಾನುಮತ ಅಂದ್ರೆ ಯಾರ್ಯಾರನ್ನ ಕೇಳಿದ್ರಿ?" ಎಂದಳು.

"ಇಲ್ಲಿಗೆ ಬಂದಾಗ ನೀನು ಅತ್ತಿದ್ದೆಯಲ್ಲ."

"ಅದು ಆರು ವರ್ಷದ ಹಿಂದಿನ ಪೇಪರು. ಈಗ ನಂಗೆ ಇಲ್ಲಿ ಸ್ಕೂಲಲ್ಲಿ ಟೀಚರ್ ಕೆಲಸ ಇದೆ. ಅದನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

ಹತ್ತು ವರ್ಷದ ಮಗಳೂ ಪುಸ್ತಕದೊಳಗಿಂದಲೇ, "ಅಚ್ಛಾ, ಞಾನ್ ವರುನ್ನಿಲ್ಲ" ಎಂದಳು. ಅಪ್ಪಾ, ನಾನು ಬರುವುದಿಲ್ಲ ಎಂದು ಅಚ್ಚ ಮಲಯಾಳದಲ್ಲಿ. ನನಗೆ ನಿಜವಾಗಿ ನಾಚಿಕೆಯಾಯಿತು. ಆರು ವರ್ಷ ಆ ಪತ್ರಿಕೆಗಳನ್ನು ನೋಡಿ ನಕ್ಕವನು ನಾನೇ ತಾನೆ.

ಆದೇಶ ರದ್ದು ಮಾಡಿಸಲು ತಿರುವನಂತಪುರಕ್ಕೆ ಹೊರಟೆ. ಬಸ್ಸಿನಲ್ಲಿ ತೊಡೆಯ ಮೇಲೆ ಹಾಳೆಯಿಟ್ಟು, "ನನ್ನ ಇಡೀ ಕುಟುಂಬದ ಸರ್ವಾನುಮತದ ಅಭಿಪ್ರಾಯದಂತೆ ಎರ್ನಾಕುಲಂನಲ್ಲಿಯೇ ಉಳಿಯಲು" ಎಂದು ಬರೆದೆ. ಈ ಸಲ ಇಬ್ಬರನ್ನೂ ಕೇಳಿಯೇ ಬರೆದದ್ದು. ಕೇಳದೆ ಬಿಟ್ಟದ್ದು ನನ್ನೊಬ್ಬನನ್ನು ಮಾತ್ರ. ಮೈಸೂರಿನ ಆಸೆ ಇನ್ನೂ ಹೋಗಿರಲಿಲ್ಲ. ಆದರೆ ಒಂದೇ ಪುಟದಲ್ಲಿ ಅದಕ್ಕೆ ಜಾಗ ಸಾಲಲಿಲ್ಲ.