ನಿಂಬೆಹಣ್ಣಿನ ಅಜ್ಜಿಯ ಮೇಲೆ ನನ್ನ ತನಿಖೆ

ಕೆಲವರ ಮನೆ ಮುಂದೆ ತೆಂಗು ಬೆಳೆಯುತ್ತದೆ, ಕೆಲವರ ಮನೆ ಮುಂದೆ ಮಲ್ಲಿಗೆ. ನನ್ನ ಮನೆ ಮುಂದೆ ಮಾತ್ರ ಯಾವಾಗ ನೋಡಿದರೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಬೇಕಂತ ಹುಡುಕಿಕೊಂಡು ಹೋಗುವುದಿಲ್ಲ. ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿರುತ್ತೇನೆ, ಅಷ್ಟೇ. ಪೇಪರಿಗೆ ಸಣ್ಣದೊಂದು ತೂತು ಮಾಡಿಕೊಂಡಿದ್ದೇನೆ ಅನ್ನುವುದು ನಮ್ಮ ಮನೆಯಾಕೆಯ ಆರೋಪ.

ಹೊಸಪೇಟೆಯಲ್ಲಿ ಅದಿರಿನ ಕಾಲ ಅದು. ಸಂಡೂರಿನ ಗಣಿಯಿಂದ ಬರುವ ಲಾರಿಗಳ ಕೆಂಪು ಧೂಳಿಗೆ, ಬಿಳಿ ಧೋತರ ಒಣಹಾಕಿದರೆ ಸಂಜೆಗೆ ಕಾವಿಯಾಗಿ ಸನ್ಯಾಸ ತಗೊಂಡಿರುತ್ತಿತ್ತು. ನಾನು ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ಪಾಠ ಹೇಳಿ ಆಗಷ್ಟೇ ನಿವೃತ್ತನಾಗಿದ್ದೆ. ಬೋರ್ಡಿನ ಮೇಲೆ ನಾನು ಬರೆದ ಎಂಜಿನ್ ಒಂದೂ ಕೆಟ್ಟು ನಿಂತದ್ದಿಲ್ಲ. ಕೈಗೆ ಗ್ರೀಸು ಹತ್ತುವ ಕೆಲಸವೆಲ್ಲ ವರ್ಕ್‌ಶಾಪಿನವರ ಪಾಲಿಗೆ. ವರ್ಷಕ್ಕೊಮ್ಮೆ ಲಾರಿ ಡ್ರೈವರುಗಳಿಗೆ ಸುರಕ್ಷತೆಯ ಉಪನ್ಯಾಸವನ್ನೂ ಕೊಡುತ್ತಿದ್ದೆ. ಹೊರಡುವ ಮುಂಚೆ ಚಕ್ರದ ನಟ್ಟು ನೋಡಿರಿ, ಬ್ರೇಕ್ ನೋಡಿರಿ, ನಿದ್ದೆ ಮಾಡಿರಿ. ಈ ಮೂರರಲ್ಲಿ ಕೊನೆಯದನ್ನು ಮಾತ್ರ ಅವರು ಉಪನ್ಯಾಸ ನಡೆದಾಗಲೇ ಪಾಲಿಸುತ್ತಿದ್ದರು.

ನಮ್ಮ ಎದುರು ಮನೆಯಲ್ಲಿ ಬಾಡಿಗೆಗೆ ಇದ್ದವರು ಒಬ್ಬ ಅಜ್ಜಿ, ಅವರ ಮಗಳು, ಕಾಲೇಜಿಗೆ ಹೋಗುವ ಮೊಮ್ಮಗಳು. ಇಪ್ಪತ್ತು ವರ್ಷದಿಂದ ಅಲ್ಲೇ. ಓಣಿಯವರು ಅವರ ಮುಂದೆ 'ಅಜ್ಜಿ' ಅನ್ನುವರು, ಹಿಂದೆ 'ಮಾಟದ ಮನಿಯವ್ರು' ಅನ್ನುವರು. ಅಜ್ಜಿ ಮಂತ್ರಿಸಿಕೊಟ್ಟ ನಿಂಬೆಹಣ್ಣು ಇಟ್ಟುಕೊಂಡ ಲಾರಿ ಉರುಳಂಗಿಲ್ಲ ಅಂತ ಡ್ರೈವರುಗಳ ನಂಬಿಕೆ. ನಾನು ವಿಜ್ಞಾನ ಓದಿದವನು. ನಂಬಲಿಲ್ಲ, ಅನುಮಾನಪಟ್ಟೆ.

೧. ಕಂಪ್ಲಿಯ ಜ್ವರ

ಸಕ್ಕರೆ ಕಾಯಿಲೆ ಅಂತ ಮನೆಯಾಕೆ ನನಗೆ ಸಿಹಿ ಬಂದ್ ಮಾಡಿದ್ದಳು. ಸಂಡೂರಿನಲ್ಲಿ ಹಳೇ ಶಿಷ್ಯನ ಮದುವೆ ಬಂತು. ಅದನ್ನು ಹೇಳಿದರೆ ಬಿಡುತ್ತಾಳೆಯೇ? ಕಂಪ್ಲಿಯ ಗೆಳೆಯನಿಗೆ ಜ್ವರ, ನೋಡಿಕೊಂಡು ಬರುತ್ತೇನೆ ಅಂದೆ. ಸಂಡೂರಿಗೆ ಹೋದೆ, ನಾಲ್ಕು ಹೋಳಿಗೆ ಹೊಡೆದೆ, ಮುಖ ತೊಳೆದು ಬಸ್ಸು ಹತ್ತಿದೆ.

ಓಣಿಗೆ ಬಂದರೆ ಅಜ್ಜಿ ಕಟ್ಟೆಯ ಮೇಲೆ ಸಾಸಿವೆ ಆರಿಸುತ್ತಿದ್ದರು. ಪಕ್ಕದಲ್ಲೇ ನಮ್ಮಾಕೆ.

"ಮಾಸ್ತರ್ರ, ಸಂಡೂರ್ ಮದುವಿ ಊಟ ಹೆಂಗಿತ್ರಿ?" ಅಂದರು ಅಜ್ಜಿ, ನನ್ನನ್ನು ಅಡಿಯಿಂದ ಮುಡಿತನಕ ಒಮ್ಮೆ ನೋಡಿ ಮತ್ತೆ ಸಾಸಿವೆಗೆ ಕಣ್ಣು ಹಾಕುತ್ತ.

"ಯಾವ ಸಂಡೂರಜ್ಜಿ? ಕಂಪ್ಲಿಗೆ ಹೋಗಿದ್ದೆ. ಗೆಳೆಯಗ ಜ್ವರ."

"ಹೌದೇನ್ರಿ? ಜ್ವರ ಬಂದವ್ರ ಮನ್ಯಾಗೂ ಹೋಳಿಗಿ ಮಾಡಾಕ ಹತ್ಯಾರೇನು ಈಗ!"

ಹೋಳಿಗೆ ಅನ್ನುವುದು ಈಕೆಗೆ ಹೇಗೆ ಗೊತ್ತು? ನಮ್ಮಾಕೆ ಎದ್ದು ಒಳಗೆ ನಡೆದಳು. ಆ ವಾರವೆಲ್ಲ ಮೂರೂ ಹೊತ್ತು ನವಣೆ ಅನ್ನ, ಹಾಗಲಕಾಯಿ ಪಲ್ಯ. ನನ್ನ ಮೇಲೆ ಮಾಟ ನಡೆದಿದೆ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

೨. ರಾಹು, ಕೇತು

ಇನ್ನೂರು ಪುಟದ ನೋಟ್‌ಬುಕ್ ತಂದು ಮೇಲೆ 'ಅನುಮಾನ' ಅಂತ ಬರೆದೆ. ಬೆಳಿಗ್ಗೆ ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಮಾಳಿಗೆ ಹತ್ತಿದೆ.

ಸೂರ್ಯ ಮೂಡುವಷ್ಟರಲ್ಲಿ ಅಜ್ಜಿ ಮನೆ ಮುಂದೆ ಲಾರಿಗಳ ಸಾಲು. ಡ್ರೈವರ್ ಕೈಯಲ್ಲಿ ನಿಂಬೆಹಣ್ಣು. ಅಜ್ಜಿ ಅವನನ್ನು ಮುಂದೆ ಮಾಡಿಕೊಂಡು ಲಾರಿಗೆ ಮೂರು ಸುತ್ತು ಹಾಕುವರು. ಪ್ರತಿ ಚಕ್ರದ ಹತ್ತಿರ ಇಬ್ಬರೂ ಬಗ್ಗುವರು. ಅಲ್ಲಿ ಏನು ನಡೆಯುತ್ತದೆ ಅನ್ನುವುದು ಲಾರಿ ಅಡ್ಡವಾಗಿ ನನಗೆ ಕಾಣದು. ಮಾತು ಮಾತ್ರ ಕೇಳುವುದು.

"ಲಕ್ಷ್ಮಿ ಗಟ್ಟಿ ಕುಂತಾಳೇನು?"

"ಕುಂತಾಳಜ್ಜಿ. ಅಲ್ಲಾಡವಲ್ಲಳು."

ಆಮೇಲೆ ಡ್ರೈವರ್ ಹತ್ತಿ ಕೂರುವನು. ಅಜ್ಜಿ ಮುಂದೆ ನಿಲ್ಲುವರು, ಮೊಮ್ಮಗಳು ಲಾರಿಯ ಹಿಂದೆ.

"ರಾಹು ಕಣ್ ಬಿಟ್ಟಾನ?"

"ಬಿಟ್ಟಾನಬೇ!"

"ಕೇತು?"

"ಕೇತು ಸತ್ತಾನ!"

"ಹಂಗಾರ ಇವತ್ತ ಗಾಡಿ ಬ್ಯಾಡ. ಕೇತುಗ ಜೀವಾ ತುಂಬಿಸ್ಕೊಂಡು ಬಾ."

ಆರಡಿ ಆಳು, ಹುರಿಮೀಸೆ, ಬೈಯಿಸಿಕೊಂಡ ಕೂಸಿನಂತೆ ತಲೆ ತಗ್ಗಿಸಿ ಗಾಡಿ ತಿರುಗಿಸಿಕೊಂಡು ಹೋದ! ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು.

ಇನ್ನೊಂದು ದಿನ ಒಬ್ಬ ಡ್ರೈವರಿನ ಕಣ್ಣನ್ನೇ ದಿಟ್ಟಿಸಿ ನೋಡಿದ ಅಜ್ಜಿ, "ನಿದ್ದಿಗೆಟ್ಟ ಕೈಯಾಗ ನನ್ನ ನಿಂಬಿ ಕೆಲಸಾ ಮಾಡಂಗಿಲ್ಲ, ಮಲಕೋ" ಅಂದರು. ಅವನು ಕಟ್ಟೆಯ ಮೇಲೆ ಬಿದ್ದವನು ಬಿಸಿಲು ತುಳಸಿಕಟ್ಟೆಗೆ ಬರುವತನಕ ಏಳಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಬರೆದೆ: 'ಒಬ್ಬನನ್ನು ಕಣ್ಣಿನಿಂದಲೇ ಮೂರ್ಛೆ ಬೀಳಿಸಿದರು. ಗೊರಕೆಯಂಥ ವಿಚಿತ್ರ ಸದ್ದು.'

೩. ಬಿಳಿಯನನ್ನೂ ಬಿಡಲಿಲ್ಲ

ನಿಂಬೆಯ ಸುದ್ದಿ ಹಂಪಿ ಬಜಾರ್ ತನಕ ಹೋಯಿತು. ಒಂದು ದಿನ ಬಾಡಿಗೆ ಮೊಪೆಡ್ಡಿನ ಮೇಲೆ ಒಬ್ಬ ಬಿಳಿಯ ಬಂದಿಳಿದ. ಅದೃಷ್ಟದ ನಿಂಬೆ ಬೇಕಂತೆ. ಇಂಗ್ಲಿಷ್ ಬಲ್ಲವನು ಅಂತ ನನ್ನನ್ನು ಕರೆದರು. ಹತ್ತಿರದಿಂದ ನೋಡುವ ಯೋಗ ತಾನಾಗಿ ಬಂತಲ್ಲ ಅಂತ ಓಡಿದೆ.

ಮೊಪೆಡ್ಡಿಗೂ ಮೂರು ಸುತ್ತು. ಮೊದಲನೇ ಸುತ್ತಿನಲ್ಲೇ ಅಜ್ಜಿ ನನ್ನ ಕಡೆ ತಿರುಗಿ, "ಮಾಸ್ತರ್ರ, ಅವಂಗೊಂದು ಚಾ ತರಸ್ರಿ" ಅಂದರು. ನಾನು ಚಾ ಹೇಳಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಜ್ಜಿಯ ಬೆರಳೆಲ್ಲ ಕರ್ರಗೆ. ಬಿಳಿಯ ಕೈ ಮುಗಿದು ನಿಂತಿದ್ದ.

"ಏನು ಮಾಡಿದರು?" ಅಂತ ಅವನನ್ನು ಇಂಗ್ಲಿಷಿನಲ್ಲಿ ಕೇಳಿದೆ.

"ಈಕೆ ಭಾರಿ ಒಳ್ಳೆ ಮೆಕ್ಯಾನಿಕ್," ಅಂದ.

ಪಾಪ, ಅನಿಸಿತು. ಮನೆಗೆ ಬಂದು ಬರೆದೆ: 'ಬೆರಳಿಗೆ ಕಪ್ಪು ಹಚ್ಚಿ ಮಾಡುವ ವಿದ್ಯೆ. ತಗುಲಿದವರು ತಕ್ಷಣ ಅಸಂಬದ್ಧ ಮಾತಾಡತೊಡಗುತ್ತಾರೆ.'

೪. ಹತ್ತದ ನಿಂಬೆ

ಆಗ ನಮ್ಮ ಓಣಿಯಲ್ಲಿ ಲಾರಿ ಕೊಳ್ಳದೆ ಉಳಿದವರು ಇಬ್ಬರೇ. ನಾನು ಮತ್ತು ಗುಡಿಯ ಹನುಮಪ್ಪ. ಅಜ್ಜಿಯ ಮನೆ ಮಾಲೀಕರು ಬಟ್ಟೆ ಅಂಗಡಿಯವರು. ಅವರೂ ಹಳೇ ಲಾರಿ ಒಂದನ್ನು ಕೊಂಡು, ಹಾರ ಹಾಕಿ, ತಮ್ಮ ಬಾಡಿಗೆದಾರಳ ಹತ್ತಿರ ನಿಂಬೆಗೆ ಕಳಿಸಿದರು.

ಅಜ್ಜಿ ಒಂದೇ ಸುತ್ತು ಹಾಕಿ ನಿಂತರು. "ಈ ಗಾಡಿಗೆ ನನ್ನ ನಿಂಬಿ ಹತ್ತಂಗಿಲ್ಲ. ಇಬ್ಬರು ಲಕ್ಷ್ಮಿಯರು ಇಲ್ಲವೇ ಇಲ್ಲ."

ಮಾಲೀಕರಿಗೆ ಸಿಟ್ಟು ಬಂತು. "ಇದೊಂದು ಟ್ರಿಪ್ ಆಗಲಿ, ಆಮ್ಯಾಲ ನೋಡೂಣು" ಅಂತ ಗಾಡಿ ಓಡಿಸಿದರು. ಮರುದಿನ ಗಾದಿಗನೂರಿನ ಹತ್ತಿರ ಆ ಲಾರಿಯ ಮುಂದಿನ ಚಕ್ರ ಕಳಚಿಕೊಂಡು, ಲಾರಿಗಿಂತ ಮುಂದೆ ಓಡಿ, ಜೋಳದ ಹೊಲ ಹೊಕ್ಕಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮಾಲೀಕರು ಹನುಮಪ್ಪನ ಕಟ್ಟೆ ಹತ್ತಿ ಕೂಗಾಡಿದರು. "ನನ್ನ ಮನ್ಯಾಗ ಇದ್ದು ನನ್ನ ಗಾಡಿಗೇ ಮಾಟಾ ಮಾಡ್ಯಾರ! ಐತವಾರಕ್ಕ ಮನಿ ಖಾಲಿ ಮಾಡಸ್ತೀನಿ!"

ಹಿರಿಯರು, ಹಂಗ ಸುಮ್ಮನೆ ಮೂರು ಹೆಣ್ಣುಮಕ್ಕಳನ್ನು ಬೀದಿಗೆ ಹಾಕಬಾರದು, ವಿಚಾರಣೆ ಆಗಲಿ ಅಂದರು. ಯಾರು ಮಾಡುವುದು? ಎಲ್ಲರೂ ನನ್ನ ಕಡೆ ನೋಡಿದರು. "ಮಾಸ್ತರು ಓದಿದವ್ರು. ಹೌದು ಅಂದ್ರ ಖಾಲಿ, ಅಲ್ಲ ಅಂದ್ರ ಇರಲಿ."

ನಾನು ಬ್ಯಾಡ ಬ್ಯಾಡ ಅಂದೆ. ಅನ್ನುವಾಗಲೇ ಕಂಕುಳಲ್ಲಿದ್ದ ನೋಟ್‌ಬುಕ್ಕು ಜಾರಿ, 'ಅನುಮಾನ' ಅನ್ನುವ ಹೆಸರು ಮೇಲಾಗಿ ಬಿತ್ತು.

೫. ದೇವರ ಗೂಡು

ಶನಿವಾರ ಮುಂಜಾನೆ ಅಜ್ಜಿ ಮನೆಗೆ ತನಿಖೆಗೆ ಹೋದೆ.

"ಬರ್ರಿ ಮಾಸ್ತರ್ರ, ಕುಂದ್ರಿ. ಮಾಳಿಗಿ ಮ್ಯಾಲಿಂದ ನೋಡಿ ನೋಡಿ ಕುತ್ತಿಗಿ ಹಿಡದಿರಬೇಕು," ಅಂದರು.

ಮಗಳು ಚಾ ಕೊಟ್ಟಳು. ನಾನು ಕುಡಿಯದೆ ಕೆಳಗಿಟ್ಟೆ. ಅಜ್ಜಿ ನಕ್ಕು ನನ್ನ ಬಟ್ಟಲಿನಿಂದ ಒಂದು ಗುಟುಕು ಕುಡಿದು ತೋರಿಸಿದರು. ಈಗ ಎಂಜಲಾಯಿತು ಅಂತ ಮತ್ತೂ ಕುಡಿಯಲಿಲ್ಲ.

ದೇವರ ಗೂಡಿನಲ್ಲಿ ಲಕ್ಷ್ಮಿಯ ಪಟ. ಪಟದ ಮುಂದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಮಲಗಿದ್ದವು ಏಳು ಪಾನಾಗಳು. ನಟ್ಟು ಬಿಗಿಯುವ ಕಬ್ಬಿಣದ ಪಾನಾ! ಸಣ್ಣದರಿಂದ ದೊಡ್ಡದರ ತನಕ. ಪಕ್ಕದಲ್ಲಿ ಖಾಕಿ ಅಂಗಿ ತೊಟ್ಟ ಒಬ್ಬರ ಫೋಟೋ.

"ನಮ್ಮ ಯಜಮಾನ್ರು," ಅಂದರು ಅಜ್ಜಿ. "ಲಾರಿ ಗ್ಯಾರೇಜಿನಾಗ ಫಿಟ್ಟರ್. ನಟ್ ನೋಡ್ರೋ, ಬ್ರೇಕ್ ನೋಡ್ರೋ ಅಂತ ಡ್ರೈವರ್‌ಗೋಳ ಬೆನ್ನು ಹತ್ತಿ ಹತ್ತಿ ಹೇಳತಿದ್ರು. ಎಲ್ಲಾರೂ ನಗತಿದ್ರು. ಯಶವಂತನಗರದ ಗುಡ್ಡದ ಇಳಕಲಿನಾಗ ಬ್ರೇಕ್ ಹತ್ತದ ಲಾರಿ ಬಂದು ಅವರನ್ನ ತಗೊಂಡು ಹೋತು. ಅವರು ಪಾನಾ ಹಿಡದು ಹೇಳಿದ್ರು, ನಕ್ಕರು. ನಾ ನಿಂಬಿಹಣ್ಣು ಹಿಡದು ಹೇಳಿದೆ, ಕೈ ಮುಗದ್ರು."

ನಾನು ನೋಟ್‌ಬುಕ್ ಮುಚ್ಚಿದೆ. ಆಮೇಲೆ ಒಂದೊಂದಾಗಿ ಕೇಳುತ್ತಾ ಹೋದೆ. ಲಕ್ಷ್ಮಿ ಅಂದರೆ ಚಕ್ರದ ನಟ್ಟು. ಅಲ್ಲಾಡಿದರೆ ಬಿಗಿಸಿಯೇ ಹೋಗಬೇಕು. ಮಾಲೀಕರ ಲಾರಿಗೆ ಅಂಥ ಎರಡು ನಟ್ಟು ಇರಲೇ ಇಲ್ಲ. ರಾಹು, ಕೇತು ಅಂದರೆ ಬ್ರೇಕ್ ತುಳಿದಾಗ ಹತ್ತುವ ಹಿಂದಿನ ಎರಡು ದೀಪ.

"ಮತ್ತ ನನ್ನ ಹೋಳಿಗಿ?"

"ಕಂಪ್ಲಿ ದಾರಿ ಅಂದ್ರ ಬಾಳಿ, ಕಬ್ಬು, ಭತ್ತ. ಮಣಕಾಲತನಕ ಕೆಂಪು ಧೂಳು ಎಲ್ಲಿಂದ ಬರಬೇಕ್ರಿ? ತಲ್ಯಾಗ ಅಕ್ಷತಿ ಇತ್ತು. ಅಂಗಿ ಮ್ಯಾಲ ತುಪ್ಪ, ತುಪ್ಪದ ಮ್ಯಾಲ ಹೂರಣ."

ಮೂವತ್ತು ವರ್ಷ ನಾನು ಬೋರ್ಡಿನ ಮೇಲೆ ಬರೆದು ಒಬ್ಬನಿಗೂ ಕಲಿಸಲಾಗದ್ದನ್ನು ಈಕೆ ನಿಂಬೆಹಣ್ಣಿನಿಂದ ಕಲಿಸಿದ್ದರು. ಖುಷಿಯಿಂದ ಎದ್ದು ನಿಂತೆ. "ನಾಳೆ ಎಲ್ಲಾ ಬಿಚ್ಚಿ ಹೇಳ್ತೀನಜ್ಜಿ. ಮಾಟಾ ಅಲ್ಲ, ಮೆಕ್ಯಾನಿಕ್ ಕೆಲಸಾ ಅಂತ!"

"ಹೇಳ್ರಿ. ಮನಿ ಉಳೀತೈತಿ. ನಾಡಿದ್ದರಿಂದ ಒಬ್ಬ ಡ್ರೈವರನೂ ನಟ್ ಮುಟ್ಟಂಗಿಲ್ಲ."

ಎದ್ದವನು ಹಾಗೇ ಕೂತೆ. ನಿಜ ಹೇಳಿದರೆ ನಿಂಬೆ ಸಾಯುತ್ತದೆ, ಚಕ್ರಗಳು ಕಳಚುತ್ತವೆ. ಮಾಟ ಅಂದರೆ ಈ ಮೂವರು ಬೀದಿಗೆ ಬೀಳುತ್ತಾರೆ. ಚಿಂತೆಯಲ್ಲಿ ಎದುರಿಗಿದ್ದ ಚಾ ಎತ್ತಿ ಗಟಗಟ ಕುಡಿದೆ. ಎಂಜಲು ಅನ್ನುವುದು ನೆನಪಾದದ್ದು ಬಟ್ಟಲು ಖಾಲಿಯಾದ ಮೇಲೆ.

೬. ವರದಿ

ಮಾಲೀಕರ ಐತವಾರ, ಅಂದರೆ ಭಾನುವಾರ, ಹನುಮಪ್ಪನ ಕಟ್ಟೆಯ ಸುತ್ತ ಓಣಿಗೆ ಓಣಿಯೇ ನೆರೆದಿತ್ತು. ಹಿಂದೆ ಡ್ರೈವರುಗಳ ದಂಡು. ಅಜ್ಜಿ ಮಗಳು ಮೊಮ್ಮಗಳೊಂದಿಗೆ ಬೇವಿನ ಮರದ ಕೆಳಗೆ ನಿಂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ವಿಜಯನಗರದ ಕಾಲದ ಗಾಡಿಗಳಿಂದ ಶುರು ಮಾಡಿದೆ. ಮಾಲೀಕರಿಗೆ ತಾಳ್ಮೆ ತಪ್ಪಿತು.

"ಮಾಸ್ತರ್ರ, ಪಾಠಾ ಬ್ಯಾಡ. ಒಂದ ಮಾತು ಹೇಳ್ರಿ. ಮಾಟಗಾರರು ಹೌದೋ, ಅಲ್ಲೋ?"

ನಾನು ಬೇವಿನ ಮರದ ಕಡೆ ಒಮ್ಮೆ ನೋಡಿದೆ.

"ಹೌದು," ಅಂದೆ.

ಗದ್ದಲವೋ ಗದ್ದಲ. "ನೋಡಿದ್ರಾ! ನಾ ಹೇಳಿದ್ದೆನಿಲ್ಲೋ!" ಅಂತ ಮಾಲೀಕರು ಕುಣಿದರು. ನಾನು ಕೈ ಎತ್ತಿದೆ.

"ಇನ್ನಾ ಮುಗಿದಿಲ್ಲ. ಅದು ಒಳ್ಳೇ ಮಾಟ. ಲಕ್ಷ್ಮಿಯನ್ನ ಹಿಡಿದಿಡೋದು. ಒಳಗ ಹೋಗಿ ಕಣ್ಣಾರೆ ನೋಡೀನಿ, ಗೂಡಿನ್ಯಾಗ ಏಳು ದೇವರು ಕಬ್ಬಿಣದ ರೂಪದಾಗ ಮಲಗ್ಯಾರ. ಈ ಮೂವರು ಹೊಸ್ತಿಲು ದಾಟಿ ಹೊರಟರ ಅವರ ಹಿಂದ ಲಕ್ಷ್ಮಿನೂ ಹೊರಡ್ತಾಳ. ಖಾಲಿ ಮಾಡಿಸಿದವ್ರ ಮನ್ಯಾಗ ಒಂದು ಚಕ್ರಾನೂ ನಿಲ್ಲಂಗಿಲ್ಲ. ಲಾರೀದಾಗಲಿ, ಹೊಲಿಗಿ ಮಷೀನಿಂದಾಗಲಿ."

ಮಾಲೀಕರ ಮುಖ ಸುಣ್ಣ ಬಳಿದಂತಾಯಿತು. ಅಷ್ಟರಲ್ಲಿ ಮೂಲೆ ಮನೆಯ ಕಿರಾಣಿ ಅಂಗಡಿಯವರು ಎದ್ದು ನಿಂತರು. ಅವರಿಗೆ ಮೂರು ಲಾರಿ. "ಅಜ್ಜಿ, ನಮ್ಮ ಮ್ಯಾಲಿನ ಮನಿ ಖಾಲಿ ಐತಿ. ಇವತ್ತ ಬಂದುಬಿಡ್ರಿ. ಬಾಡಿಗಿ ಬ್ಯಾಡ!"

"ಏ ಕುಂದ್ರಪಾ!" ಅಂತ ಮಾಲೀಕರು ಗುಡುಗಿದರು. "ಯಾರು ಖಾಲಿ ಮಾಡಸ್ತಾರ? ಇಪ್ಪತ್ತು ವರ್ಷದಿಂದ ನನ್ನ ತಾಯಿ ಇದ್ದಂಗ ಅದಾರ! ಮಾಸ್ತರ್ರ, ಪರಿಹಾರ ಏನಾರ ಐತೇನ್ರಿ?"

"ಐತಿ," ಅಂದೆ. "ಗಾಡಿಯ ಎಲ್ಲಾ ಚಕ್ರಕ್ಕ ಹೊಸಾ ನಟ್ಟು, ಅಜ್ಜಿ ಕೈಯಾಗ ಕುಂಕುಮ ಹಚ್ಚಿಸಿ."

ಸಂಜೆಯೊಳಗೆ ನಟ್ಟು ಬಂದವು. ನೋಟ್‌ಬುಕ್ ಒಲೆಗೆ ಹೋಯಿತು. ವಿಜ್ಞಾನ ಓದಿದವನು ತುಂಬಿದ ಸಭೆಯಲ್ಲಿ ಮಾಟ ನಿಜ ಅಂದನಲ್ಲ ಅಂತ ಹಳೇ ಸಹೋದ್ಯೋಗಿಗಳು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆಡಿಕೊಳ್ಳುವವರು ಲಾರಿಗಳ ನಡುವೆಯೇ ಸುರಕ್ಷಿತವಾಗಿ ಓಡಾಡಿಕೊಂಡಿದ್ದಾರೆ.

ಮರುದಿನ ಬೆಳಿಗ್ಗೆ ಎದೆ ಉಬ್ಬಿಸಿಕೊಂಡು ಸ್ಕೂಟರ್ ಹೊರಗೆ ತೆಗೆದೆ. ಅಜ್ಜಿ ಎದುರು ಕಟ್ಟೆಯಿಂದ ಎದ್ದು ಬಂದರು.

"ಭಾಳ ಚಲೋ ಸುಳ್ಳು ಹೇಳಿದ್ರಿ ಮಾಸ್ತರ್ರ."

"ನಾ ಹಂಗ ಹೇಳ್ತೀನಿ ಅಂತ ನಿಮಗ ಮೊದಲೇ ಗೊತ್ತಿತ್ತೇನಜ್ಜಿ?" ಅಂದೆ. ನನಗೆ ಮತ್ತೆ ಸಣ್ಣ ಅನುಮಾನ.

"ಕಂಪ್ಲಿ ಜ್ವರದ ದಿನದಿಂದ ನಿಮ್ಮ ಮ್ಯಾಲ ನನಗ ಭಾಳ ನಂಬಿಕಿ," ಅಂದವರೇ ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ತೆಗೆದು ನನ್ನ ಅಂಗೈಯಲ್ಲಿಟ್ಟರು.

ನಾನು ಗಹಗಹಿಸಿ ನಕ್ಕೆ. "ಒಳಗಿನ ಗುಟ್ಟು ಗೊತ್ತಿದ್ದವ್ನು ನಾನು. ಮೇಲಾಗಿ ಆಟೋಮೊಬೈಲ್ ಲೆಕ್ಚರರ್. ನನಗ್ಯಾಕಜ್ಜಿ ನಿಂಬಿಹಣ್ಣು?"

ಅಜ್ಜಿ ನಗಲಿಲ್ಲ. ನನ್ನ ಸ್ಕೂಟರಿನ ಹಿಂಭಾಗಕ್ಕೆ ಬೆರಳು ತೋರಿಸಿದರು.

"ನಿಮ್ಮ ಗಾಡಿಗೆ ಇರಾವ ಒಬ್ಬನ ಕೇತು ಮಾಸ್ತರ್ರ. ಅವ ಸತ್ತು ಮೂರು ತಿಂಗಳಾತು."