ಹೂಂನಿದ್ದೆ

ನಿದ್ದೆ ಬಂದವನು ಮಲಗುತ್ತಾನೆ, ಬಾರದವನು ಎದ್ದು ಓಡಾಡುತ್ತಾನೆ. ನಡುವೆ ಕೂತಲ್ಲೇ ತೇಲುವ ನನ್ನಂಥವರ ಸ್ಥಿತಿಗೆ ಓದಿದವರು ಜೊಂಪು, ತೂಕಡಿಕೆ, ಮಂಪರು ಎನ್ನುತ್ತಾರೆ. ಮೂಡಲಗಿಯ ನಮ್ಮ ಮನೆಯಲ್ಲಿ ಅದಕ್ಕೆ ‘ಹೂಂನಿದ್ದಿ’ ಎಂದು ಹೆಸರು. ಮೂರನೆಯ ಇಯತ್ತೆಗೇ ಸಾಲಿ ಬಿಟ್ಟ ನನ್ನಿಂದ ಕನ್ನಡಕ್ಕೊಂದು ಶಬ್ದ ದಕ್ಕಿತಲ್ಲ ಎಂದು ನನಗೆ ಹೆಮ್ಮೆ. ಮೊನ್ನೆ ಗೋಕಾಕದ ಸಂತೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಗಂಡನಿಗೆ, “ಹೂಂನಿದ್ದಿ ಸಾಕ ಮಾಡ್ರಿ, ಚೀಲಾ ಹಿಡೀರಿ” ಎಂದಾಗ ಎದೆ ಉಬ್ಬಿತು. ಆದರೆ ಶಬ್ದ ಹುಟ್ಟಿದ ಬಗೆ ಎದೆ ಉಬ್ಬಿಸುವಂಥದ್ದಲ್ಲ.

ನಮ್ಮ ಕಡೆ ಕತೆ ಹೇಳುವಾಗ ಒಬ್ಬರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಂತಿತು. ಅಜ್ಜಿಯ ಕತೆಗೆ ಹೂಂಗುಟ್ಟುವವನು ನಾನು. ಕಣ್ಣು ಮುಚ್ಚಿದರೂ ನನ್ನ ಹೂಂ ತಪ್ಪುತ್ತಿರಲಿಲ್ಲ. ರಾಜಕುಮಾರನನ್ನು ಹುಲಿ ತಿಂದರೂ ಹೂಂ, ಅವನೇ ಹುಲಿಯನ್ನು ತಿಂದರೂ ಹೂಂ.

ತಂಗಿ ನೀಲವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದ ವರ್ಷ ಹುಕ್ಕೇರಿಯಿಂದ ಹಿರಿಯರೊಬ್ಬರು ಮಗನಿಗೆ ಹೆಣ್ಣು ಕೇಳಲು ಬಂದರು. ಅಪ್ಪ ಇಲ್ಲದ ಮನೆ, ಮಾತಾಡಬೇಕಾದವನು ನಾನು. ಪರೀಕ್ಷೆ ಮುಗಿಯುವವರೆಗೆ ಮದುವೆ ಬೇಡವೆಂದು ಹೇಳು ಎಂದು ಅವಳು ಬೆಳಿಗ್ಗೆಯೇ ಕೈ ಹಿಡಿದು ಕೇಳಿಕೊಂಡಿದ್ದಳು. ನಾನೂ ಮಾತು ಕೊಟ್ಟಿದ್ದೆ. ಆದರೆ ಹೋಳಿಗೆ, ಮೇಲೆ ತುಪ್ಪ, ಆಮೇಲೆ ಒರಗಲು ಪಡಸಾಲೆಯ ಕಂಬ. ಹಿರಿಯರ ಮಾತೋ, ಅಜ್ಜಿಯ ಕತೆಗಿಂತ ಉದ್ದ. ಮುಂದಿನ ತಿಂಗಳೇ ಮದುವೆ ಇಟ್ಟುಕೊಳ್ಳೋಣವೇ ಎಂದು ಕೇಳಿದರಂತೆ. ಹೂಂ. ಸಾಲಿ ಬಿಡಿಸುತ್ತೀರಲ್ಲ? ಹೂಂ.

ಬಾಗಿಲ ಹಿಂದೆ ನಿಂತಿದ್ದ ನೀಲವ್ವ ನೀರಿನ ತಂಬಿಗೆ ಹಿಡಿದು ಹೊರಗೆ ಬಂದು, ನನ್ನ ಮುಂದೆ ಕೂತು ಮೆಲ್ಲಗೆ ಕೇಳಿದಳಂತೆ: “ಅಣ್ಣಾ, ಪರೀಕ್ಷಾ ಮುಗದ ಮ್ಯಾಲ ಮದಿವಿ ಮಾಡೂಣಲ್ಲಾ?”

ಹೂಂ.

“ಮುಂದ ನಾ ಸಾಲ್ಯಾಗ ಅಕ್ಕೋರ ಆಗ್ಲಿ?”

ಹೂಂ.

ಆಗ ಹಿರಿಯರ ಕಡೆ ತಿರುಗಿ, “ಕಾಕಾ, ನಿಮಗಂದ ಹೂಂ ಖರೆ ಇದ್ರ, ನನಗಂದದ್ದೂ ಖರೇನ ಅಲ್ರಿ?” ಎಂದಳಂತೆ.

ಹಿರಿಯರು ನಕ್ಕ ಸದ್ದಿಗೆ ನನಗೆ ಎಚ್ಚರವಾಯಿತು. “ತಮ್ಮಾ, ನಿನ್ನ ಹೂಂನಿದ್ದಿಗಿಂತ ಈ ಹುಡುಗಿ ಎಚ್ಚರ ಚಲೋ ಐತಿ. ಪರೀಕ್ಷಾ ಆಗ್ಲಿ, ಆಮ್ಯಾಲ ಬರ್ತೇವಿ” ಎಂದರು.

ಹೇಳಿದಂತೆಯೇ ಬಂದರು. ನೀಲವ್ವ ಈಗ ಹುಕ್ಕೇರಿಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ಅಕ್ಕೋರು. ಅವಳು ಓಣಿಯಲ್ಲಿ ಬಂದರೆ ಕಟ್ಟೆಯ ಮೇಲಿನ ರುಮಾಲಿನವರೂ ಎದ್ದು ನಮಸ್ಕಾರ ಮಾಡುತ್ತಾರೆ. ಹೋದ ವರ್ಷ ಅವಳ ಶಾಲೆಯ ಸಮಾರಂಭಕ್ಕೆ ಹೋದಾಗ ನನ್ನನ್ನು ಮುಂದಿನ ಕುರ್ಚಿಯಲ್ಲೇ ಕೂಡ್ರಿಸಿದರು. ಬಾಜೂ ಕೂತ ಮಾಸ್ತರರು, ಅಪ್ಪ ಇಲ್ಲದ ತಂಗಿಯನ್ನು ಹಟ ಹಿಡಿದು ಓದಿಸಿದವರು ನೀವೇ ಅಂತಲ್ಲ ಎಂದು ಕೇಳಿದರು. ವೇದಿಕೆಯ ಮೇಲಿಂದ ನೀಲವ್ವ ನನ್ನನ್ನೇ ನೋಡುತ್ತಿದ್ದಳು. ಆ ದಿನ ನನ್ನ ಊಟವೂ ಆಗಿರಲಿಲ್ಲ. ಕಣ್ಣಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ.

“ಹೂಂ” ಎಂದೆ.