ಹೊಂಗೆಮರ ತೆಗೆದದ್ದು

ಇನ್ನು ಮೇಲೆ ಮಂಡ್ಯ ಸೀಮೆಯ ಮರಗಳನ್ನೆಲ್ಲ ಅಮರ ಮಾಡಿಬಿಡುವುದೆಂದು ಗುತ್ತಲಿನ ಲಿಂಗರಾಜು ಘೋರ ಪ್ರತಿಜ್ಞೆ ಮಾಡಿದ. ಹಾಲಿನ ಡೇರಿಯ ಗುಮಾಸ್ತನಾದರೇನು, ಕೈಯಲ್ಲಿ ಹೊಸ ಕ್ಯಾಮೆರಾ ಇತ್ತಲ್ಲ! ಮದ್ದೂರಿನ ದಾರಿ ಅಗಲವಾಗಲೆಂದು ಸಾಲುಮರಗಳು ಉರುಳಿದಾಗ ಬಸ್ಸಿನ ಕಿಟಕಿಯಿಂದಲೇ ಶಾಪ ಹಾಕಿದವನು ಅವನು. ಆ ಮರಗಳ ನೆರಳಲ್ಲೇ ಬಸ್ಸಿಗೆ ಕಾದವರು, ಇನ್ನು ಬೇಗ ಊರು ಸೇರಬಹುದೆಂದು ಹಿಗ್ಗಿದ್ದು ನೆನೆದರೆ ಅವನಿಗೆ ಇವತ್ತಿಗೂ ಮೈ ಉರಿಯುತ್ತದೆ.

ಹೆಂಡತಿ ಶೋಭಾರಾಣಿಗೆ ಅಷ್ಟು ಮರ ಬೇಡ, ಒಂದು ಸಾಕು. ಪೂರಿಗಾಲಿಯ ತವರಿನ ಅಂಗಳದಲ್ಲಿ ಅಪ್ಪ ಅವಳ ಪಾಲಿಗೆಂದು ಬಿಟ್ಟುಹೋದ ಹೊಂಗೆ.

"ಹೂವು ಉದುರುದ್ರೆ ಅಂಗಳದ ತುಂಬ ಅರಳು ಎರಚ್ದಂಗಿರೋದು," ಎಂದಳು, ಪಕ್ಕದ ಮನೆಯ ಗೋಡೆಯೊಂದೇ ಕಾಣುವ ಕಿಟಕಿಯಲ್ಲಿ ನಿಂತು. "ಅದರ ಕೆಳಗೇ ಅವ್ವ ನನ್ನ ತಲೆ ಬಾಚೋಳು. ಹೂ ಬುಟ್ಟಾಗ ನೋಡಿ ಯಾವ ಕಾಲಾಯ್ತೋ."

"ಮರಾನೇ ನಮ್ಮ ಗೋಡೆಗೆ ತಂದು ನಿಲ್ಲಿಸ್ತೀನಿ, ನೋಡ್ತಿರು," ಎಂದ ಲಿಂಗರಾಜು, ಆ ಕ್ಷಣವೇ ಬಾಮೈದ ಮಹದೇವನಿಗೆ ಫೋನು ಹಚ್ಚಿದ. ಮಹಾ ಕಲಾವಿದರು ಮಾತು ಪೋಲು ಮಾಡುವುದಿಲ್ಲ.

"ಭಾನುವಾರ ಬತ್ತೀವಿ ಕಣ್ಲಾ ಮಾದೇವ. ಅಂಗಳದ ಒಂಗೆಮರ ತೆಗೀಬೇಕು."



"ಪೂರ್ತಿನಾ ಭಾವ?"

"ಬುಡದಿಂದ ತುದಿಗಂಟ. ಒಂದ್ ಕೊಂಬೇನೂ ಬುಡಲ್ಲ."

"ಅಕ್ಕ ಒಪ್ಪವ್ಳಾ?"

"ಅವಳ ಆಸೆನೇ ಇದು. ಬೆಳಬೆಳಗ್ಗೆನೇ ತೆಗೀಬೇಕು, ಬಿಸಿಲೇರುದ್ರೆ ಕಷ್ಟ."

ಭಾನುವಾರ ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಊರಿಗೆ ಇಳಿದದ್ದೇ ತಡ, ಶೋಭಾರಾಣಿ ಗಂಡನನ್ನೂ ಕ್ಯಾಮೆರಾವನ್ನೂ ಹಿಂದೆ ಬಿಟ್ಟು ನಡೆದಳು. ಮನೆಗಿಂತ ಮೊದಲು ಮರ ಕಾಣಬೇಕಾದ ತಿರುವಿನಲ್ಲಿ ಬರೀ ಆಕಾಶ ಕಂಡಿತು. ಅಲ್ಲೇ ನಿಂತಳು.

ಮಹದೇವ ಮೈಮೇಲಿನ ಮರದ ಹೊಟ್ಟು ಕೊಡವಿಕೊಳ್ಳುತ್ತ ಎದುರಿಗೆ ಬಂದ. "ನೀವು ಬರೋದ್ರೊಳಗೇ ತೆಗೆಸ್ಬುಟ್ಟೆ ಭಾವ. ಅಳಿಯಂದ್ರ ಕೈಲಿ ಕೊಡ್ಲಿ ಇಡಿಸುದ್ರೆ ಊರು ಉಗಿಯಲ್ವಾ?"

"ಲೇ, ನಾನು ಏಳಿದ್ದು ಫೋಟೊ ಕಣ್ಲಾ."

"ಫೋಟೊ ಅಂತ ಯಾವಾಗಂದ್ರಿ?" ಮಹದೇವ ಅಕ್ಕನ ಮುಖ ನೋಡಿದ. ದನಿ ಸಣ್ಣಗಾಯಿತು. "ನೀನು ಮನೆ ಕಟ್ಕೊತೀಯೇನೋ ಅಂದ್ಕಂಡೆ ಕಣಕ್ಕ. ನಿನ್ನ ಮರ, ಬ್ಯಾಡ ಅನ್ನಕ್ಕೆ ನಾನ್ಯಾರು? ಅವ್ವ ನೆನ್ನೆಯಿಂದ ಉಂಡಿಲ್ಲ."

ಶೋಭಾರಾಣಿ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಲಿಂಗರಾಜು ಬದುಕಿಕೊಳ್ಳುತ್ತಿದ್ದ. ಬೊಡ್ಡೆಯ ಪಕ್ಕದಲ್ಲಿ, ತಾಯಿ ದೇವಿರಮ್ಮನ ಮುಂದೆ, ನೆರಳಿಲ್ಲದ ಬಿಸಿಲಲ್ಲೇ ಕೂತು ಜಡೆ ಬಿಚ್ಚಿದಳು. ಮುದುಕಿ ಕಣ್ಣೊರೆಸಿಕೊಂಡು ಬಾಚತೊಡಗಿದಳು. ಬಾಚಣಿಗೆಗೆ ಸಿಕ್ಕದ್ದು ಅಂಗಳದಿಂದ ಗಾಳಿಗೆ ಹಾರಿಬಂದ ಹೊಂಗೆಯ ಒಂದು ಒಣಹೂವು.

ರಸ್ತೆಯವರು ಮರ ಬೀಳಿಸಲು ಯಂತ್ರ ತರಬೇಕಾಯಿತು. ತನಗೆ ನಾಲಿಗೆಯೇ ಸಾಕಾಯಿತಲ್ಲ ಎಂದುಕೊಂಡ ಲಿಂಗರಾಜು, ತಾಯಿ ಮಗಳನ್ನಾದರೂ ಹಿಡಿದಿಡೋಣವೆಂದು ಹೆದರುತ್ತಲೇ ಕ್ಯಾಮೆರಾ ಎತ್ತಿದ.

"ಈಗ ಬ್ಯಾಡ, ಅವ್ವ ಅಳ್ತಾ ಅವ್ಳೆ," ಎಂದಳು ಶೋಭಾರಾಣಿ, ತಿರುಗದೆ. "ಮುಂದಿನ ವಾರ ಬಂದು ಅವ್ವನ ಫೋಟೊ ತೆಗೆಯವ. ಆದ್ರೆ ಮಾದೇವಂಗೆ ಫೋನು ನಾನು ಮಾಡ್ತೀನಿ. ನೀವು ಬಾಯಿ ಬುಡ್ಬೇಡಿ."